ಗೆರೆ ಮುಟ್ಟಿದ ಕ್ಯಾನು

ಬೆಳಿಗ್ಗೆ ಆರು ಗಂಟೆಗೆ ಇರುವೆಯ ಕ್ಯಾನಿನೊಳಗಿನ ಮಟ್ಟ ಕೆಂಪು ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು.

ಇರುವೆ ಆರು ವರ್ಷದ ಹುಡುಗಿ. ನಿಜವಾದ ಹೆಸರು ಬೇರೆ ಇದೆ, ಕರೆಯುವವರಿಲ್ಲ. ನಡೆಯಲು ಕಲಿತ ದಿನದಿಂದ ತನಗಿಂತ ದೊಡ್ಡದಾದ ಏನನ್ನಾದರೂ ಎಳೆದುಕೊಂಡೇ ಓಡಾಡುತ್ತಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರೇ ಉಳಿಯಿತು. ಕ್ಯಾನಿನಲ್ಲಿದ್ದದ್ದು ಅವಳ ಉಚ್ಚೆ. ಹಿಂದಿನ ಬೆಳಿಗ್ಗೆಯಿಂದ ಈ ಬೆಳಿಗ್ಗೆಯವರೆಗಿನ ಅಷ್ಟೂ ಅದರಲ್ಲಿರಬೇಕಿತ್ತು. ಇರಲಿಲ್ಲ. ಮಧ್ಯಾಹ್ನ ಅವಳು ಆಟದ ನಡುವೆ ಕಾಗದದ ಗಂಟುಗಳ ಹಿಂದೆ ಕೂತು ಬಂದಿದ್ದಳು. ರಾತ್ರಿ ಚಾಪೆ ಒದ್ದೆ ಮಾಡಿಕೊಂಡಿದ್ದಳು. ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಹೊತ್ತು ಮಾತ್ರ. ಹಾಗಾಗಿ ಮಗು ಕುಡಿಯುವುದೂ ಕಡಿಮೆ.

ತಾಯಿ ಕ್ಯಾನನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಲ್ಲಾಡಿಸಿದಳು. ಅಲ್ಲಾಡಿಸಿದರೆ ಹೆಚ್ಚಾಗುವ ವಸ್ತುವಲ್ಲ ಅದು.

“ಏನೇ, ಮಜ್ಜಿಗೆ ಕಡೆಯೋ ಹಾಗೆ ಅಲ್ಲಾಡಿಸ್ತಿದ್ದೀಯ?” ಎಂದಳು ಮೂಲೆಯಲ್ಲಿ ಕೂತಿದ್ದ ಅತ್ತೆ. “ಬೆಣ್ಣೆ ಬರಲ್ಲ ಬಿಡು.”

“ಗೆರೆ ಮುಟ್ಟಿಲ್ಲ ಅತ್ತೆ.”

“ಮುಟ್ಟಿಸು ಮತ್ತೆ. ಎಲ್ಲರೂ ಮುಟ್ಟಿಸ್ತಿಲ್ವಾ?”

ತಾಯಿ ಕ್ಯಾನು ಹಿಡಿದುಕೊಂಡು ತಗಡಿನ ಮರೆಗೆ ಹೋದಳು. ವಾಪಸು ಬಂದಾಗ ಅದು ಗೆರೆ ಮುಟ್ಟಿತ್ತು.

ಅವರಿದ್ದದ್ದು ಗುಜರಿ ಅಂಗಳದ ಹಿಂದಿನ ಶೆಡ್ಡುಗಳಲ್ಲಿ. ನಗರ ಬಿಸಾಡಿದ ಕಾಗದ, ಪ್ಲಾಸ್ಟಿಕ್, ತಗಡು, ಗಾಜು ಲಾರಿಗಳಲ್ಲಿ ಬಂದು ಅಂಗಳದಲ್ಲಿ ಬೀಳುತ್ತವೆ. ಹೆಂಗಸರು ಆಯುತ್ತಾರೆ, ಬೇರೆ ಮಾಡುತ್ತಾರೆ, ತುಳಿದು ಗಂಟು ಕಟ್ಟುತ್ತಾರೆ, ಹೊತ್ತು ಇನ್ನೊಂದು ಲಾರಿಗೆ ಏರಿಸುತ್ತಾರೆ. ಬೆನ್ನ ಮೇಲೆ ಗಂಟು ಕೂರಿಸಿಕೊಂಡು ಓರೆ ಹಲಗೆ ಹತ್ತುವಾಗ ಮಂಡಿ ನಡುಗಬಾರದು. ನಡುಗಿದರೆ ಗಂಟು ಹಿಂದಿನವಳ ಮೇಲೆ ಬೀಳುತ್ತದೆ. ಹತ್ತುವವಳೂ ಉಸಿರು ಬಿಗಿಹಿಡಿದಿರುತ್ತಾಳೆ, ಹಿಂದಿನವಳೂ ಬಿಗಿಹಿಡಿದಿರುತ್ತಾಳೆ. ಸಂಜೆಗೆ ಕೈ ಬೆರಳು ನೇರವಾಗುವುದಿಲ್ಲ. ಬಾಗಿದ ಬೆರಳಲ್ಲೇ ಒಲೆ ಹಚ್ಚುತ್ತಾರೆ.

ಮಕ್ಕಳಿಗಾಗಿ ಮಾಲೀಕರ ಟ್ರಸ್ಟ್ ಒಂದು ಕೇಂದ್ರ ನಡೆಸುತ್ತಿತ್ತು. ಸಿಮೆಂಟ್ ಶೀಟಿನ ಎರಡು ಕೋಣೆ, ಗೋಡೆಯ ಮೇಲೆ ಮಾಲೀಕರ ತಾಯಿಯ ಫೋಟೋ. ಪ್ರತಿ ಮಗುವಿಗೂ ದಿನಾ ಬೆಳಿಗ್ಗೆ ಒಂದು ಲೋಟ ಹಾಲು, ಒಂದು ಮೊಟ್ಟೆ. ಅದು ಶುರುವಾಗುವ ಮೊದಲು ಇರುವೆ ಹತ್ತು ಗಂಟೆಗೆಲ್ಲ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಆಟದ ನಡುವೆ, ಊಟದ ತಟ್ಟೆಯ ಮುಂದೆ, ಒಮ್ಮೆ ಹರಿದ ಪೆಟ್ಟಿಗೆಯೊಂದನ್ನು ಎಳೆಯುತ್ತ ಎಳೆಯುತ್ತ ಅದರೊಳಗೇ. ಹಾಲು ಮೊಟ್ಟೆ ಶುರುವಾದ ಮೇಲೆ ಆ ನಿದ್ದೆ ನಿಂತಿತು. ಪೌಷ್ಟಿಕ ಆಹಾರದ ಬಗ್ಗೆ ತಾಯಿಗೆ ಗೊತ್ತಿದ್ದದ್ದು ಅಷ್ಟೇ: ಮೊಟ್ಟೆ ತಿಂದರೆ ಮಗು ಹಗಲು ಎಚ್ಚರವಾಗಿರುತ್ತದೆ.

ಹಾಲು ಮೊಟ್ಟೆ ನಿಜವಾಗಿ ಬೇಕೇ ಎಂದು ತಿಳಿಯಲು ಟ್ರಸ್ಟ್ ಒಬ್ಬ ಡಾಕ್ಟರನ್ನು ಗೊತ್ತು ಮಾಡಿತು. ಮೃದು ಮಾತಿನ ಹೆಂಗಸು. ಮಕ್ಕಳ ತೂಕ, ಎತ್ತರ ಅಳೆಸಿದರು. ಆಮೇಲೆ ಪ್ರತಿ ಮಗುವಿಗೆ ಒಂದು ಬಿಳಿ ಕ್ಯಾನು ಕೊಡಿಸಿದರು. ಒಂದು ಹಗಲು ಒಂದು ರಾತ್ರಿಯ ಉಚ್ಚೆ ಪೂರ್ತಿ ಬೇಕು, ಹೀಗೆ ಕೆಲವು ಸಲ ಬೇಕು ಎಂದರು.

ಇರುವೆಯ ತಾಯಿ ಬೆಳಿಗ್ಗೆ ಕೇಂದ್ರ ಗುಡಿಸುವವಳು, ಮಧ್ಯಾಹ್ನದ ಮೇಲೆ ಗಂಟು ಹೊರುವವಳು. ಕ್ಯಾನು ಹಂಚುವುದು, ಶೆಡ್ಡು ಶೆಡ್ಡಿಗೆ ಹೋಗಿ ತರುವುದು, ಏಳು ಗಂಟೆಯ ವ್ಯಾನಿಗೆ ಏರಿಸುವುದು, ಖಾಲಿಯಾಗಿ ಬಂದದ್ದನ್ನು ತೊಳೆಯುವುದು ಅವಳ ಪಾಲಿಗೆ ಬಂತು. ಬೇರೆ ಯಾರೂ ಮುಟ್ಟಲಿಲ್ಲ. ಮಕ್ಕಳು ಅವಳನ್ನು ಕ್ಯಾನಮ್ಮ ಎಂದರು. ದೊಡ್ಡವರೂ ಎಂದರು. ಕೇಂದ್ರದ ಟೀಚರ್ ಹಾಲಿನ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

“ಇನ್ಮೇಲೆ ಹಾಲು ನೀನು ಹಾಕಬೇಡ. ನೀರಿನ ಕೊಡಾನೂ ಮುಟ್ಟಬೇಡ.”

“ಸೋಪು ಹಾಕಿ ಕೈ ತೊಳೆದಿದ್ದೀನಿ ಟೀಚರ್.”

“ತೊಳೆದ್ರೂ ಅಷ್ಟೇ.”

ಅಂದಿನಿಂದ ಅವಳು ಕೇಂದ್ರದಲ್ಲಿ ನೀರು ಕುಡಿಯಲಿಲ್ಲ.

ಕೆಂಪು ಗೆರೆ ಎಳೆದವನು ಅಂಗಳವನ್ನೂ ಕೇಂದ್ರವನ್ನೂ ನೋಡಿಕೊಳ್ಳುವ ಸೂಪರ್‌ವೈಸರ್. ಮೊದಲ ಸಲ ಬಹಳ ಕ್ಯಾನುಗಳು ಅರ್ಧಂಬರ್ಧ ಬಂದವು. ಪೂರ್ತಿ ಇಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದು ಡಾಕ್ಟರ್ ಅಷ್ಟನ್ನೂ ಬಿಟ್ಟರು. ಟ್ರಸ್ಟಿನವರು ಸೂಪರ್‌ವೈಸರ್‌ಗೆ ಬೈದರು. ಅವನು ಮಾರ್ಕರ್ ತಂದು ಎಲ್ಲ ಕ್ಯಾನುಗಳಿಗೂ ಒಂದೇ ಎತ್ತರದಲ್ಲಿ ಗೆರೆ ಎಳೆದ. ಮೂರು ವರ್ಷದ ಮಗುವಿಗೂ ಅದೇ ಗೆರೆ, ಏಳು ವರ್ಷದ್ದಕ್ಕೂ ಅದೇ.

“ಇದಕ್ಕಿಂತ ಕಡಿಮೆ ಬಂದ್ರೆ ಆ ಮಗು ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲ ಅಂದ್ರೆ ಹಾಲು ಮೊಟ್ಟೆನೂ ಇಲ್ಲ.”

“ಬರದಿದ್ರೆ ಏನ್ ಮಾಡೋದು ಸಾರ್?” ಎಂದಳು ಗಾಜು ಆಯುವವಳು. “ಮಗೂನ ಹಿಂಡೋದಾ?”

ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಮುಂದಿನ ಸಲ ಗಾಜು ಆಯುವವಳು ನೀರು ಹಾಕಿ ಗೆರೆ ಮುಟ್ಟಿಸಿದಳು. ಸೂಪರ್‌ವೈಸರ್ ಆ ಕ್ಯಾನನ್ನು ಎತ್ತಿ ಹಿಡಿದು ನೋಡಿದ. ಉಚ್ಚೆ ತೀರಾ ತಿಳಿಯಾಗಿತ್ತು. ಅದನ್ನು ಅವಳ ಕೈಯಲ್ಲೇ ಮೋರಿಗೆ ಚೆಲ್ಲಿಸಿದ.

“ನನಗೇನು ಕಣ್ಣಿಲ್ವಾ? ಹಾಲಿಗೆ ನೀರು ಹಾಕಿ ಹಾಕಿ ಇದಕ್ಕೂ ಹಾಕ್ತೀರಾ? ನೀರು ಬೆರೆಸಿದ್ದು ಕಂಡ್ರೆ ಆ ಮಗುವಿನ ಹೆಸರು ಹೊಡೆದು ಹಾಕ್ತೀನಿ.” ಆಮೇಲೆ ಸ್ವರ ಇಳಿಸಿದ. “ಮನೇಲಿ ಮಗು ಒಂದೇನಾ ಇರೋದು? ದೊಡ್ಡವರು ಯಾರೂ ಇಲ್ವಾ?”

ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಉಚ್ಚೆಯಲ್ಲಿ ಏನು ನೋಡುತ್ತಾರೆಂದು ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆಹುಳು ಇರಬೇಕು ಎಂದರು ಕೆಲವರು. ಸಕ್ಕರೆ ಕಾಯಿಲೆ ಎಂದರು ಇನ್ನು ಕೆಲವರು. “ಉಚ್ಚೆಗೂ ಮೇಸ್ತ್ರಿ ಇಟ್ಟಿದ್ದಾರೆ,” ಎಂದಳು ಅತ್ತೆ. “ಇನ್ನು ನಿಟ್ಟುಸಿರಿಗೆ ಒಂದು ಕ್ಯಾನು ಕೊಡೋದು ಬಾಕಿ.”

ಫಲಿತಾಂಶ ಬಂದ ದಿನ ತಾಯಂದಿರನ್ನು ಕೇಂದ್ರಕ್ಕೆ ಕರೆದು ನೆಲದ ಮೇಲೆ ಕೂರಿಸಿದರು. ಡಾಕ್ಟರ್ ನಿಂತು ಮಾತಾಡಿದರು.

“ಒಳ್ಳೆ ಸುದ್ದಿ. ನಿಮ್ಮ ಮಕ್ಕಳು ಗಿಡ್ಡ ಇದ್ದಾರೆ, ತೂಕಾನೂ ಕಡಿಮೆ. ಆದರೆ ಮೈಯಲ್ಲಿ ಮಾಂಸಖಂಡ ಸಾಕಷ್ಟಿದೆ. ನಾವು ಹೆದರಿದಷ್ಟು ಏನಿಲ್ಲ.”

ಸೂಪರ್‌ವೈಸರ್ ಚಪ್ಪಾಳೆ ತಟ್ಟಿದ. ಹೆಂಗಸರೂ ತಟ್ಟಿದರು. ಒಳ್ಳೆ ಸುದ್ದಿ ಎಂದಮೇಲೆ ತಟ್ಟಲೇಬೇಕು. ಮುಂದಿನ ಸೋಮವಾರದಿಂದ ಹಾಲು ಮೊಟ್ಟೆ ನಿಂತಿತು. ಅದರ ಬದಲು ಶುಚಿತ್ವದ ಬಗ್ಗೆ ವಾರಕ್ಕೊಂದು ಭಾಷಣ ಏರ್ಪಡಿಸಿದರು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಕ್ಯಾನಮ್ಮ ಕೇಂದ್ರದ ಕಸ ಹೊರಗೆ ಹಾಕಲು ಹೋದಾಗ ಇರುವೆ ಮೆಟ್ಟಿಲ ಮೇಲೆ ಕೂತು, ಕೆನ್ನೆಯನ್ನು ಗೋಡೆಗೆ ಒತ್ತಿ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು. ತುಟಿಯ ಮೇಲೆ ನೊಣ ಕೂತಿತ್ತು. ಅದನ್ನು ಓಡಿಸುವಷ್ಟೂ ಎಚ್ಚರವಾಗಲಿಲ್ಲ.

“ನಿನ್ನ ಮಗಳು ಸೋಮಾರಿ ಆಗ್ತಿದ್ದಾಳೆ ನೋಡು,” ಎಂದಳು ಟೀಚರ್.

ಅದೇ ವಾರ ಡಾಕ್ಟರ್ ತೂಕದ ಯಂತ್ರ ವಾಪಸು ಒಯ್ಯಲು ಬಂದರು. ಕ್ಯಾನಮ್ಮ ಹಿತ್ತಲಿನಲ್ಲಿ ಕ್ಯಾನುಗಳನ್ನು ಕೊನೆಯ ಸಲ ತೊಳೆಯುತ್ತಿದ್ದಳು. ಬಿಸಾಡಬೇಡಿ, ಬೇರೆ ಕಡೆ ಬೇಕಾಗುತ್ತದೆ ಎಂದು ಹೇಳಿದ್ದರು. ಬ್ರಷ್ಷು ಒಳಗೆ ಹೋಗುವುದಿಲ್ಲ. ಮೊಣಕೈವರೆಗೆ ತೋಳು ತೂರಿಸಿ ಉಜ್ಜಬೇಕು.

“ಡಾಕ್ಟರಮ್ಮ, ಒಂದು ಮಾತು. ಇದರಲ್ಲಿ ಏನು ನೋಡಿದ್ರಿ?”

ಡಾಕ್ಟರ್ ನಿಂತರು. ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅವರು ತಾಳ್ಮೆಯಿಂದ ಹೇಳಿದರು.

“ಕ್ರಿಯಾಟಿನಿನ್ ಅಂತ ಒಂದು ವಸ್ತು ಇದೆ. ಮೈಯಲ್ಲಿರೋ ಮಾಂಸಖಂಡ ದಿನಾ ಇಷ್ಟು ಅಂತ ಅದನ್ನ ಹೊರಗೆ ಬಿಡುತ್ತೆ. ಅದು ಉಚ್ಚೆಯಲ್ಲಿ ಹೋಗುತ್ತೆ. ಮಾಂಸಖಂಡ ಹೆಚ್ಚಿದ್ರೆ ಹೆಚ್ಚು, ಕಡಿಮೆ ಇದ್ರೆ ಕಡಿಮೆ. ಒಂದು ದಿನದ್ದು ಒಟ್ಟು ಎಷ್ಟು ಅಂತ ಅಳೆದು, ಅಷ್ಟೇ ಎತ್ತರದ, ಚೆನ್ನಾಗಿ ಉಂಡು ಬೆಳೆದ ಮಗುವಿನ ಜೊತೆ ಹೋಲಿಸ್ತೀವಿ. ಮೈಯಲ್ಲಿ ಎಷ್ಟು ಮಾಂಸ ಇದೆ, ಎಷ್ಟು ಕರಗಿದೆ ಅಂತ ಗೊತ್ತಾಗುತ್ತೆ.”

ಕ್ಯಾನಮ್ಮನ ತೋಳು ಕ್ಯಾನಿನ ಒಳಗೇ ಇತ್ತು.

“ದೊಡ್ಡವರದ್ದಾದ್ರೆ?”

“ದೊಡ್ಡವರದ್ದು ತುಂಬಾ ಹೆಚ್ಚು. ನಿಮ್ಮ ಹಾಗೆ ಭಾರ ಹೊತ್ತು ಮೈಕಟ್ಟು ಗಟ್ಟಿಯಾದವರದ್ದು ಇನ್ನೂ ಹೆಚ್ಚು. ನಿಮ್ಮದು ಒಂದು ಲೋಟ, ಸೊರಗಿದ ಮಗುವಿನ ಇಡೀ ದಿನದ್ದಕ್ಕೆ ಸಮ ಆಗಬಹುದು. ಯಾಕೆ?”

ಕ್ಯಾನಮ್ಮ ತೋಳು ಹೊರಗೆಳೆದಳು. ಕ್ಯಾನನ್ನು ತಿರುಗಿಸಿ ಮೇಲೆ ಬರೆದಿದ್ದ ಸಂಖ್ಯೆ ತೋರಿಸಿದಳು.

“ಇದು ನನ್ನ ಮಗಳದ್ದು. ಇದರಲ್ಲಿ ಅರ್ಧ ನಂದು. ಪಕ್ಕದ್ದು ಗಾಜು ಆಯೋಳ ಮಗಂದು. ಅದರಲ್ಲೂ ಅರ್ಧ ಅವಳದ್ದೇ. ಆ ಚಿಕ್ಕ ಮಗುವಿನದ್ದರಲ್ಲಿ ಅದರ ಅಪ್ಪಂದು.”

ಡಾಕ್ಟರ್ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಗೆರೆಯ ವಿಷಯ ಕೇಳಿದರು. ನೀರು ಬೆರೆಸಿದ ಕ್ಯಾನನ್ನು ಚೆಲ್ಲಿಸಿದ್ದನ್ನು ಕೇಳಿದರು.

“ನೀರು ಹಾಕಿದ್ರೆ ಏನೂ ಆಗ್ತಿರಲಿಲ್ಲ. ಉಚ್ಚೆ ತೆಳ್ಳಗಾಗುತ್ತೆ, ಒಟ್ಟು ಲೆಕ್ಕ ಅಷ್ಟೇ ಇರುತ್ತೆ. ಇದ್ದಷ್ಟೇ ಕೊಟ್ಟಿದ್ರೂ, ಒಂದೋ ಅದನ್ನ ಬಿಟ್ಟುಬಿಡ್ತಿದ್ದೆ, ಇಲ್ಲಾ ಮಗು ಸೊರಗಿದೆ ಅಂತಲೇ ಬರ್ತಿತ್ತು. ಇದೊಂದನ್ನ ಮಾಡಬಾರದಿತ್ತು. ನನಗೆ ಯಾಕೆ ಯಾರೂ ಹೇಳಲಿಲ್ಲ?”

“ನಮಗೆ ಯಾರು ಹೇಳಿದ್ರು?”

ಕ್ಯಾನಮ್ಮ ತನ್ನ ತೋಳು ನೋಡಿಕೊಂಡಳು. ಗಂಟು ಹೊತ್ತು ಹೊತ್ತು ಹಗ್ಗ ಹೊಸೆದ ಹಾಗಾದ ತೋಳು. ಆ ತೋಳಿನ ಮಾಂಸ ಮಗಳ ಹೆಸರಿನಲ್ಲಿ ಲೆಕ್ಕಕ್ಕೆ ಹೋಗಿತ್ತು. ಅದನ್ನು ನೋಡಿ ಮಗಳ ಬಾಯಿಯ ಮೊಟ್ಟೆ ಕಿತ್ತುಕೊಂಡಿದ್ದರು.

ಡಾಕ್ಟರ್ ಟ್ರಸ್ಟಿಗೆ ತಿಳಿಸಿದರು. ವಿಚಾರಣೆ ಎಂದಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಸೂಪರ್‌ವೈಸರ್ ಶೆಡ್ಡಿಗೆ ಬಂದ. ತಲೆ ತಗ್ಗಿಸಿ ಒಳಗೆ ಬರುವ ಬಾಗಿಲು ಅದು. ಅವನು ಬಾಗಲಿಲ್ಲ, ಹೊರಗೇ ನಿಂತ.

“ನಾಳೆ ಟ್ರಸ್ಟಿನ ಮೂವರು ಬರ್ತಾರೆ. ನಿನ್ನನ್ನ ಕೇಳ್ತಾರೆ. ಹಾಲಿನ ಆಸೆಗೆ ಹೆಂಗಸರು ತಾವಾಗೇ ಮಾಡಿದ್ರು ಅಂತ ಹೇಳು. ತಪ್ಪಾಯ್ತು ಅನ್ನು. ನಿನ್ನ ಮಗಳಿಗೆ ನಾಳೆಯಿಂದಲೇ ಹಾಲು, ಮೊಟ್ಟೆ. ನಿನ್ನ ಕೆಲಸಾನೂ ಉಳಿಯುತ್ತೆ.”

“ನನ್ನ ಮಗಳಿಗೆ ಮಾತ್ರಾನಾ?”

“ಊರಿನ ಚಿಂತೆ ನಿನಗ್ಯಾಕೆ?”

“ಗೆರೆ ಎಳೆದಿದ್ದು ನೀವು ಸಾರ್.”

“ಗೆರೆ ಎಳೆದೆ. ನಿಂದು ತುಂಬಿಸು ಅಂದ್ನಾ? ಮನೇಲಿ ದೊಡ್ಡವರಿದ್ದಾರಾ ಅಂತ ವಿಚಾರಿಸ್ದೆ. ವಿಚಾರಿಸೋದು ತಪ್ಪಾ?” ಅವನು ಶೆಡ್ಡಿನ ಮಾಡಿನ ಕಡೆ ನೋಡಿದ. “ಉಂಡ ಮನೆ ಜಂತೆ ಎಣಿಸಬಾರದು ಕ್ಯಾನಮ್ಮ.”

“ಜಂತೆ ಎಲ್ಲಿದೆ ಸಾರ್,” ಎಂದಳು ಒಳಗಿನಿಂದ ಅತ್ತೆ. “ಇಲ್ಲಿರೋದೆಲ್ಲ ತಗಡು.”

ಅವನು ಹೋದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿ ಕೂತಳು. ಆಮೇಲೆ ಹೇಳಿದಳು: “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮ ಕೈ ಉಚ್ಚೆಯಾಯ್ತು, ಬಾಯಿಗೆ ಬರ್ತಿದ್ದ ಹಾಲೂ ಹೋಯ್ತು.” ಮತ್ತೆ ಹೇಳಿದಳು: “ಅವನು ಹೇಳಿದ ಹಾಗೆ ಅಂದುಬಿಡೇ. ಮಾನ ಹೋದ್ರೆ ಹೋಗ್ಲಿ. ಮಗು ಮುಖ ನೋಡು.”

ಕ್ಯಾನಮ್ಮ ಮುಖ ನೋಡಲಿಲ್ಲ, ತೋಳು ನೋಡಿದಳು. ಇರುವೆಯ ಭುಜದ ಕೆಳಗೆ ಹೆಬ್ಬೆರಳು, ತೋರುಬೆರಳು ಸುತ್ತಿಸಿ ಹಿಡಿದಳು. ಬೆರಳ ತುದಿಗಳು ಕೂಡಿ, ಒಂದರ ಮೇಲೊಂದು ಬಂದವು. ಮಗು ಕಚಗುಳಿಯಾಗಿ ನಕ್ಕಿತು. ಕ್ಯಾನಮ್ಮ ಎದ್ದು, ತೊಳೆದು ಹಲಗೆಯ ಮೇಲಿಟ್ಟಿದ್ದ, ಯಾರೂ ಇನ್ನೂ ಒಯ್ಯದ ಹಳೆಯ ಕ್ಯಾನುಗಳಲ್ಲಿ ಒಂದನ್ನು ತೆಗೆದುಕೊಂಡು ತಗಡಿನ ಮರೆಗೆ ಹೋದಳು.

ಮರುದಿನ ಹತ್ತು ಗಂಟೆಗೆ ಟ್ರಸ್ಟಿನ ಕಚೇರಿ. ಗಾಜು ಹಾಸಿದ ಉದ್ದ ಮೇಜು, ಟೀ ಕಪ್ಪು, ಬಿಸ್ಕತ್ತಿನ ತಟ್ಟೆ, ನೀರಿನ ಬಾಟಲಿ. ಆ ಕಡೆ ಮೂವರು. ಪಕ್ಕದಲ್ಲಿ ಡಾಕ್ಟರ್. ಗೋಡೆಗೆ ಒರಗಿ ಸೂಪರ್‌ವೈಸರ್. ಈ ಕಡೆ ಒಂದು ಕುರ್ಚಿ ಖಾಲಿ ಇತ್ತು. ಕೂರು ಎಂದು ಯಾರೂ ಹೇಳಲಿಲ್ಲ. ಕ್ಯಾನಮ್ಮ ಬಾಗಿಲ ಬಳಿ ನಿಂತಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಉಳಿದ ಹೆಂಗಸರು ಹೊರಗೆ ಜಗಲಿಯಲ್ಲಿ ಕೂತಿದ್ದರು. ಅವರಿಗೆ ಮಾತು ಕೇಳಿಸುತ್ತಿತ್ತು.

ಮೂವರಲ್ಲಿ ಹಿರಿಯರಾದ ಬಿಳಿ ಅಂಗಿಯವರು ಕೇಳಿದರು. ಅವರ ಧ್ವನಿ ಒರಟಾಗಿರಲಿಲ್ಲ.

“ಹೆದರಬೇಡ ಹೇಳಮ್ಮ. ಯಾರೂ ಹೇಳದೆ ನೀವಾಗೇ ಮಾಡಿದ್ರಿ, ಅಲ್ವಾ?”

ಕ್ಯಾನಮ್ಮ ಮೇಜಿನ ಹತ್ತಿರ ಬಂದಳು. ಚೀಲದಿಂದ ಕ್ಯಾನು ತೆಗೆದಳು. ಬಿಸ್ಕತ್ತಿನ ತಟ್ಟೆಗೂ ನೀರಿನ ಬಾಟಲಿಗೂ ನಡುವೆ ಇಟ್ಟಳು. ಅದರಲ್ಲಿದ್ದದ್ದು ಕೆಂಪು ಗೆರೆ ದಾಟಿತ್ತು.

“ಏನಿದು?”

“ನಂದು. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗಿಂದು.”

ಕುರ್ಚಿಗಳು ಹಿಂದಕ್ಕೆ ಸರಿದವು. ಒಬ್ಬರು ಟೀ ಕಪ್ಪನ್ನು ಎದೆಗೆ ಎತ್ತಿಕೊಂಡರು.

“ನಿಮ್ಮ ಪುಸ್ತಕದಲ್ಲಿ ನನ್ನ ಮಗಳು ಅಂತ ಬರೆದಿದ್ದೀರಲ್ಲ, ಅದು ಇದು,” ಎಂದಳು ಕ್ಯಾನಮ್ಮ. “ಮೈಯಲ್ಲಿ ಮಾಂಸ ಸಾಕಷ್ಟಿದೆ ಅಂದ್ರಲ್ಲ, ಅದು ಗಂಟು ಹೊತ್ತ ಮೈ. ನನ್ನ ಮಗಳನ್ನ ನೀವು ಇನ್ನೂ ಅಳೆದೇ ಇಲ್ಲ.”

“ಏಯ್, ಎತ್ತು ಅದನ್ನ,” ಎಂದ ಸೂಪರ್‌ವೈಸರ್. “ತಿನ್ನೋ ಜಾಗ ಇದು.”

“ಮುಚ್ಚಳ ಗಟ್ಟಿಯಾಗಿದೆ ಸಾರ್. ನಾನೇ ಹಾಕಿದ್ದು.”

“ಎತ್ತು ಅಂದೆ.”

“ಇಷ್ಟು ದಿನ ನಾನೇ ಎತ್ತಿದೆ. ಎಲ್ಲರ ಮಕ್ಕಳದ್ದೂ ಎತ್ತಿದೆ. ಎತ್ತಿದ ಕೈ ಅಂತ ನೀರಿನ ಕೊಡ ಮುಟ್ಟಿಸಲಿಲ್ಲ. ಇದನ್ನ ನಾನು ಎತ್ತಲ್ಲ. ನೀವು ಎತ್ತಿ.”

ಯಾರೂ ಎತ್ತಲಿಲ್ಲ. ಅವಳು ಬಿಳಿ ಅಂಗಿಯವರ ಕಡೆ ತಿರುಗಿದಳು.

“ಯಾರೂ ಹೇಳದೆ ಅಂದ್ರಿ. ಗೆರೆ ಎಳೆದಿದ್ದು ಇವರು. ನೀರು ಹಾಕಿದ್ದನ್ನ ಚೆಲ್ಲಿಸಿದ್ದು ಇವರು. ಮನೇಲಿ ದೊಡ್ಡವರಿಲ್ವಾ ಅಂದಿದ್ದು ಇವರು. ನಿನ್ನೆ ಬಂದು, ಸುಳ್ಳು ಹೇಳು, ನಿನ್ನ ಮಗಳಿಗೆ ಮೊಟ್ಟೆ ಕೊಡ್ತೀನಿ ಅಂದಿದ್ದೂ ಇವರೇ. ಹಾಲಿನ ಆಸೆಗೆ ಮಾಡಿದ್ವಿ ಅನ್ನು ಅಂದ್ರು. ಹೌದು, ಆಸೆಗೇ ಮಾಡಿದ್ವಿ. ಮಗು ಹಗಲು ಎಚ್ಚರವಾಗಿರಲಿ ಅನ್ನೋ ಆಸೆ.”

ಸೂಪರ್‌ವೈಸರ್ ಬಾಯಿ ತೆರೆದ. ಬಿಳಿ ಅಂಗಿಯವರು ಕೈ ಎತ್ತಿ ತಡೆದು ಡಾಕ್ಟರ್ ಕಡೆ ನೋಡಿದರು.

“ಈ ಫಲಿತಾಂಶ ಉಪಯೋಗಕ್ಕೆ ಬರಲ್ಲ,” ಎಂದರು ಡಾಕ್ಟರ್. “ಮೊದಲಿನಿಂದ ಅಳೀಬೇಕು. ಅಲ್ಲಿವರೆಗೆ ಹಾಲು ಮೊಟ್ಟೆ ಕೊಡಬೇಕು.”

“ಅಳೆಯಿರಿ. ಕೊಡೋದು ಬಿಡೋದು ಅಳೆದ ಮೇಲೆ ನೋಡೋಣ. ಈ ಸಲ ಮಕ್ಕಳನ್ನ ಒಂದು ದಿನ ಕೇಂದ್ರದಲ್ಲೇ ಕೂಡಿ ಹಾಕಿ. ತಾಯಂದಿರನ್ನ ಒಳಗೆ ಬಿಡಬೇಡಿ. ಕೆಲಸಕ್ಕೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ.”

ಡಾಕ್ಟರ್ ಪೆನ್ನು ತೆಗೆದು 'ತಾಯಂದಿರನ್ನು ಬಿಡಬಾರದು' ಎಂದು ಬರೆದುಕೊಂಡರು. ಗೆರೆ ಎಳೆದವನ ಬಗ್ಗೆ ಯಾರೂ ಏನೂ ಬರೆದುಕೊಳ್ಳಲಿಲ್ಲ.

ಕ್ಯಾನಮ್ಮ ಖಾಲಿ ಚೀಲ ಮಡಚಿಕೊಂಡು ಹೊರಗೆ ಬಂದಳು. ಸಭೆ ಪಕ್ಕದ ಕೋಣೆಗೆ ಹೋಯಿತು. ಕ್ಯಾನು ಸಂಜೆಯವರೆಗೆ ಮೇಜಿನ ಮೇಲೇ ಇತ್ತು. ಕೊನೆಗೆ ಡಾಕ್ಟರ್ ತಾವೇ ಎತ್ತಿಕೊಂಡು ಹೋದರೆಂದು ಟೀ ತರುವವನು ಹೇಳಿದ. ಲ್ಯಾಬಿಗೆ ಒಯ್ದರೋ ಮೋರಿಗೆ ಸುರಿದರೋ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ವಾರ ಹೊಸ ಕ್ಯಾನುಗಳು ಬಂದವು. ಗೆರೆ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವಳು ಶೆಡ್ಡಿನ ಬಾಗಿಲಿಗೊಂದರಂತೆ ಇಟ್ಟು, ಬೆಳಿಗ್ಗೆ ಮಗುವನ್ನೂ ಕ್ಯಾನನ್ನೂ ಒಟ್ಟಿಗೆ ಕೇಂದ್ರಕ್ಕೆ ಒಪ್ಪಿಸಬೇಕಂತೆ ಎಂದಳು. ಬಾಗಿಲು ಹೊರಗಿನಿಂದ ಹಾಕುತ್ತಾರಂತೆ.

ಆ ಸಂಜೆ ಹೆಂಗಸರು ಕ್ಯಾನಮ್ಮನ ಶೆಡ್ಡಿನ ಮುಂದೆ ಸೇರಿದರು.

“ಒಪ್ಪಿಸದಿದ್ರೆ ಎಂದಿಗೂ ಕೊಡಲ್ಲ ಅಂತಾರೆ,” ಎಂದಳು ಗಾಜು ಆಯುವವಳು.

“ಒಪ್ಪಿಸಿದಾಗ ಕೊಟ್ರಾ?” ಎಂದಳು ಕ್ಯಾನಮ್ಮ.

ಅತ್ತೆ ಒಳಗಿನಿಂದ ತೆವಳಿಕೊಂಡು ಬಾಗಿಲಿಗೆ ಬಂದಳು. “ಮೊದಲು ಮೊಟ್ಟೆ. ಆಮೇಲೆ ಉಚ್ಚೆ. ಹೋಗಿ ಹಾಗೇ ಹೇಳಿ.”

ಹೋಗಿ ಹೇಳುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಮಕ್ಕಳ ಲೆಕ್ಕ ತೆಗೆದುಕೊಳ್ಳಲು ವ್ಯಾನು ಬಂದಾಗ ಕ್ಯಾನುಗಳೆಲ್ಲ ಕೇಂದ್ರದ ಬಾಗಿಲ ಮುಂದೆ ಒಂದರ ಮೇಲೊಂದು ಪೇರಿಸಿದ್ದವು. ಎಲ್ಲವೂ ಖಾಲಿ. ಒಂದು ಮಗುವೂ ಬಂದಿರಲಿಲ್ಲ. ಚಾಲಕ ಎಂಟರವರೆಗೆ ಕಾದು, ಅವನ್ನು ತಾನೇ ವ್ಯಾನಿಗೆ ಎಸೆದುಕೊಂಡು ಹೋದ. ಒಂಬತ್ತಕ್ಕೆ ಸೂಪರ್‌ವೈಸರ್ ಬಂದು ಕೇಂದ್ರಕ್ಕೆ ಬೀಗ ಹಾಕಿದ.

ಹತ್ತು ಗಂಟೆಗೆ ಇರುವೆ ಆ ಬಾಗಿಲ ಮೆಟ್ಟಿಲ ಮೇಲೆ ನಿದ್ದೆ ಹೋದಳು.